ಗುರುಬಲ

ಹತ್ತನೆಯ ತರಗತಿಯಲ್ಲಿ ಅಕ್ಷರವೃತ್ತಗಳ ಪಾಠ ನಡೆದಿತ್ತು. ನಾನು ಕರಿಹಲಗೆಯ ಮೇಲೆ ಉತ್ಪಲಮಾಲೆಯ ಗಣವಿನ್ಯಾಸವನ್ನು ಬರೆಯುತ್ತಿರಲು, ಹಿಂದಿನ ಸಾಲಿನ ಬಾಲಕನೊಬ್ಬನು ಪುಸ್ತಕದ ಅಂಚಿನಲ್ಲಿ ಬೇರೊಂದು ಬಗೆಯ ವೃತ್ತಗಳನ್ನು ಬರೆಯುತ್ತಿದ್ದನು. ಪುಸ್ತಕವನ್ನು ಕಿತ್ತುಕೊಂಡು, 'ಈ ಸೊನ್ನೆಗಳಿಂದ ನಿನಗೆ ಅನ್ನ ಹುಟ್ಟದು' ಎಂದು ಗದರಿಸಿದೆ. ಆತನು ಈಗ ವ್ಯೋಮನೌಕೆಗಳ ಕಕ್ಷೆಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದಾನೆ. ಕಳೆದ ಜಾತ್ರೆಗೆ ಶ್ರೀಮಠಕ್ಕೆ ಬಂದವನು ನಮ್ಮ ಮನೆಗೂ ಬಂದು ನಮಸ್ಕರಿಸಿದನು. ನಿನ್ನ ವಿದ್ಯೆಯನ್ನು ನನಗೂ ತಿಳಿಯುವಂತೆ ಹೇಳಪ್ಪ ಎಂದೆ. ತನ್ನ ವಿಚಾರವನ್ನು ಬದಿಗಿಟ್ಟು, ಅಮೆರಿಕದ ವಿದ್ಯಾರ್ಥಿಯೊಬ್ಬನ ವೃತ್ತಾಂತವನ್ನು ಹೇಳಿದನು.

1965ನೆಯ ಇಸವಿಯ ಮಾತು. ಗ್ಯಾರಿ ಫ್ಲ್ಯಾಂಡ್ರೋ ಎಂಬ ತರುಣನು ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿ. ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ದೂರದ ಗ್ರಹಗಳಿಗೆ ನೌಕೆಗಳು ಹೋಗಬಹುದಾದ ದಾರಿಗಳನ್ನು ಅರಸುವ ಕೆಲಸವನ್ನು ಆತನಿಗೆ ಒಪ್ಪಿಸಿದ್ದರು. ನೆಪ್ಚೂನಿಗೆ ನೇರವಾಗಿ ಹೋಗುವುದಾದರೆ ಸುಮಾರು 30 ವರ್ಷಗಳ ಪಯಣ. ನಾವು ಲಘುಗುರುಗಳ ಪ್ರಸ್ತಾರವನ್ನು ಹಾಕುವಂತೆ, ಆತನು ಮುಂಬರುವ ವರ್ಷಗಳ ಗ್ರಹಸ್ಥಾನಗಳನ್ನು ಕಾಗದದ ಮೇಲೆ ಗುರುತಿಸುತ್ತ ಹೋದನು. 1970ರ ದಶಕದ ಕೊನೆಯ ಹೊತ್ತಿಗೆ ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಸೂರ್ಯನ ಒಂದೇ ಪಾರ್ಶ್ವಕ್ಕೆ ಬರುವುದು ಗೋಚರಿಸಿತು. ಇಂಥ ಯೋಗ ಒದಗುವುದು ಸುಮಾರು 175 ವರ್ಷಗಳಿಗೊಮ್ಮೆ. ಒಂದು ಗ್ರಹದ ಸೆಳೆತದಿಂದ ವೇಗ ಪಡೆದು ಮತ್ತೊಂದಕ್ಕೆ ಹಾರುವ ಉಪಾಯವನ್ನು 1961ರಲ್ಲಿ ಮೈಕೆಲ್ ಮಿನೊವಿಚ್ ಎಂಬ ಇನ್ನೊಬ್ಬ ವಿದ್ಯಾರ್ಥಿಯು ಗಣಿತದಿಂದ ತೋರಿಸಿದ್ದನಂತೆ.

ಇಲ್ಲಿ ನನಗೊಂದು ಸಂದೇಹ ಉಂಟಾಯಿತು. ಬರುವಾಗ ಸೆಳೆದ ಗುರುವು ಹೋಗುವಾಗ ಹಿಂದಕ್ಕೆ ಎಳೆಯದೆ ಬಿಟ್ಟೀತೆ? ಗಳಿಸಿದ್ದು ಕಳೆದುಹೋಗಬೇಕಲ್ಲವೆ? 'ಗುರುವು ನಿಂತಲ್ಲೇ ನಿಂತಿದ್ದರೆ ನಿಮ್ಮ ಮಾತು ಸತ್ಯ' ಎಂದನು ಶಿಷ್ಯ. ಆದರೆ ಗುರುಗ್ರಹವು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 13 ಕಿಲೋಮೀಟರಿನಂತೆ ಧಾವಿಸುತ್ತಿದೆ. ಅದರ ಬೆನ್ನ ಹಿಂದಿನಿಂದ ಹಾಯ್ದ ನೌಕೆಯ ದಿಕ್ಕು ತಿರುಗಿ, ಆ ಓಟದಲ್ಲಿ ಒಂದು ಪಾಲು ಅದಕ್ಕೆ ಲಭಿಸುತ್ತದೆ; ಗುರುವಿಗಾಗುವ ನಷ್ಟವು ಅಳತೆಗೇ ಸಿಗದಷ್ಟು ಅಲ್ಪ. ಪಂಚಾಂಗ ತೆರೆದು ಗುರುಬಲ ನೋಡುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಶರಣರಿಗೆ ಒಪ್ಪದ ಆ ಗುರುಬಲ ಬೇರೆ, ಇದು ಬೇರೆ.

ವಾಯೇಜರ್-2 ನೌಕೆಯು 1977ರ ಆಗಸ್ಟ್ 20ರಂದು ಹೊರಟು 1979ರಲ್ಲಿ ಗುರುವನ್ನೂ, 1981ರಲ್ಲಿ ಶನಿಯನ್ನೂ, 1986ರಲ್ಲಿ ಯುರೇನಸನ್ನೂ ಹಾಯ್ದು, 1989ರಲ್ಲಿ ನೆಪ್ಚೂನನ್ನು ಮುಟ್ಟಿತು. 30 ವರ್ಷಗಳ ದಾರಿ 12 ವರ್ಷಗಳಲ್ಲಿ ಸವೆಯಿತು. ಅದರೊಡನೆ ಕಳುಹಿದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ನಮ್ಮ ಕನ್ನಡದ ನುಡಿಯೂ ಅವುಗಳಲ್ಲೊಂದು. 2018ರಲ್ಲಿ ಆ ನೌಕೆ ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೂ ದಾಟಿತೆಂದು ಕೇಳಿದಾಗ ನಾನು ಕೆಲಹೊತ್ತು ಮಾತನಾಡದೆ ಕುಳಿತೆ. ಹಳಗನ್ನಡ ಕಲಿಸುತ್ತ ಆಯುಷ್ಯ ಸವೆಸಿದ ನನಗೆ ನಮ್ಮ ಭಾಷೆ ಅಷ್ಟು ದೂರ ಹೋದ ಸಂಗತಿಯೇ ತಿಳಿದಿರಲಿಲ್ಲ!

ಫ್ಲ್ಯಾಂಡ್ರೋವಿನ ಕೈಯಿಂದ ಆ ಕಾಗದವನ್ನು ನನ್ನಂಥ ಪಂಡಿತನೊಬ್ಬನು ಕಿತ್ತುಕೊಂಡಿದ್ದರೆ? ಆ ಯೋಗ ಯಾರ ಕಣ್ಣಿಗೂ ಬೀಳದೆ ಕಳೆದುಹೋಗಿದ್ದರೆ, ಮತ್ತೊಂದಕ್ಕೆ ಇಪ್ಪತ್ತೆರಡನೆಯ ಶತಮಾನದವರೆಗೆ ಕಾಯಬೇಕಾಗಿತ್ತು.

ಹೊರಟು ನಿಂತವನನ್ನು, 'ಆ ಪುಸ್ತಕವನ್ನು ನಿನಗೆ ಹಿಂದಿರುಗಿಸಿದ್ದೆನೇನಪ್ಪ?' ಎಂದು ಕೇಳಿದೆ. 'ಇಲ್ಲ ಗುರುಗಳೆ' ಎಂದು ನಕ್ಕನು. ಆತನು ಹೋದ ಮೇಲೆ ಎರಡು ದಿನ ಕಪಾಟುಗಳನ್ನೆಲ್ಲ ಹುಡುಕಿದೆ, ದೊರೆಯಲಿಲ್ಲ.