ಮಲಾಡಿನಲ್ಲಿ ಆಯ್ ಚಿಂಗ್

ಕ್ರಾಂತಿಗೆ ತಲಾ ಐದು ನಿಮಿಷ ಕೊಡುವುದು ನಮ್ಮ ಮಲಾಡಿನ ಕವಿಗೋಷ್ಠಿಗಳ ಪದ್ಧತಿ. ನಾಲ್ಕಕ್ಕೆಂದು ಹೇಳಿದ್ದು ಪಶ್ಚಿಮ ರೈಲ್ವೆ ಹಳಿ ದುರಸ್ತಿಗೆಂದು ಹಾಕುವ ಜಂಬೋ ಬ್ಲಾಕಿನ ದಯೆಯಿಂದ ಐದಕ್ಕೆ ಶುರುವಾಗುತ್ತದೆ; ಆರರೊಳಗೆ ಬಂಡವಾಳಶಾಹಿ ಮಣ್ಣುಮುಕ್ಕಿರುತ್ತದೆ; ಆಮೇಲೆ ಶೀರಾ, ಉಪ್ಪಿಟ್ಟು. ನಮ್ಮ ಮುಂಬಯಿಯ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಗೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಂದಿನಿಂದ ಬಂಡಾಯವೆಂದರೆ ಮುಂಬಯಿ ಕನ್ನಡಿಗರಿಗೆ ಮನೆಯ ಆಸ್ತಿ ಇದ್ದ ಹಾಗೆ.

“ಬೇರೆ ಭಾಷೆಯ ಬಂಡಾಯ ಕವಿಯೊಬ್ಬರ ಬಗ್ಗೆ ನಾಲ್ಕು ಮಾತಾಡಿ” ಎಂದರು ಕಾರ್ಯದರ್ಶಿ. ಮರಾಠಿಯ ನಾರಾಯಣ ಸುರ್ವೆಯವರನ್ನು ಹಿಡಿಯುತ್ತೇನೆಂದು ಅವರ ಅಂದಾಜು. ಗಿರಣಿ ಕಾರ್ಮಿಕರೊಬ್ಬರು ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ ಕೂಸು, ಮುಂದೆ ಈ ಊರಿನ ಮಹಾಕವಿ. ನಾನು ಚೀನಾದ ಆಯ್ ಚಿಂಗ್ ಹೆಸರೆತ್ತಿದೆ.

“ಚೀನಾದವನಾ? 1962 ಮರ್ತೇ ಹೋಯ್ತಾ ಮಾರಾಯ್ರೆ?” ಎಂದರು ಮುಂದಿನ ಸಾಲಿನ ನಿವೃತ್ತ ಬ್ಯಾಂಕ್ ಅಧಿಕಾರಿ. ಅವರ ಕೈಯಲ್ಲಿದ್ದ ಮೊಬೈಲಿನ ಊರು ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಯ್ ಚಿಂಗ್ ಹುಟ್ಟಿದ್ದು 1910ರಲ್ಲಿ, ಜಮೀನ್ದಾರರ ಮನೆಯಲ್ಲಿ. ಮಗುವಿನಿಂದ ಹೆತ್ತವರಿಗೆ ಕಂಟಕವಿದೆ ಎಂದ ಜೋಯಿಸನೊಬ್ಬ. (ಜೋಯಿಸರ ವಿಷಯದಲ್ಲಿ ನಮಗೂ ಚೀನಾಕ್ಕೂ ಗಡಿ ತಕರಾರೇ ಇಲ್ಲ.) ಕೂಸನ್ನು ಹಳ್ಳಿಯ ಬಡವಿಯೊಬ್ಬಳ ಎದೆಹಾಲಿಗೆ ಒಪ್ಪಿಸಿದರು. ಆಕೆಗೆ ಸ್ವಂತ ಹೆಸರೂ ಇರಲಿಲ್ಲ. ಹುಟ್ಟಿದ ಹಳ್ಳಿಯ ಹೆಸರೇ ಅವಳದೂ, ದಾಯೆನ್‌ಹೆ. ಐದು ವರ್ಷ ತುಂಬಿದ ಮೇಲೆ ಅಪ್ಪನ ಮನೆಗೆ ಮರಳಿದ ಹುಡುಗ ಅಲ್ಲಿ ನೆಂಟನಂತೆ ಬೆಳೆದ. ಪ್ಯಾರಿಸ್ಸಿಗೆ ಹೋಗಿ ಚಿತ್ರಕಲೆ ಕಲಿತ. ಹಿಂದಿರುಗಿ ಎಡಪಂಥೀಯ ಕಲಾವಿದರ ಜತೆ ಸೇರಿದ್ದಕ್ಕೆ 1932ರಲ್ಲಿ ಶಾಂಘೈಯಲ್ಲಿ ಸೆರೆಯಾದ. ಮರುವರ್ಷದ ಜನವರಿಯಲ್ಲಿ, ಹಿಮ ಬೀಳುತ್ತಿದ್ದ ದಿನ, ಜೈಲಿನೊಳಗೆ ಕೂತು ಈ ಕ್ರಾಂತಿಕಾರಿ ಬರೆದದ್ದು ಲೆನಿನ್ ಮೇಲಲ್ಲ, ತನಗೆ ಹಾಲೂಡಿಸಿದವಳ ಮೇಲೆ. ಅವಳು ತೊಳೆದ ಬಟ್ಟೆ, ಹೊಲಿದ ಅಂಗಿ, ಒಲೆ, ಹಂದಿಗೆ ಹಾಕಿದ ಮೇವು ಎಲ್ಲವೂ ಅದರಲ್ಲಿವೆ. ಅವನ ಹೆಸರು ಚೀನಾಕ್ಕೆಲ್ಲ ಗೊತ್ತಾದದ್ದು ಆ ಕವಿತೆಯಿಂದ.

ನಮ್ಮ ಗೋಷ್ಠಿಯಲ್ಲಿ ಓದುವ ಪದ್ಯಗಳಲ್ಲಿ ಶ್ರಮಿಕರಿಗೆ ಬರಗಾಲವಿಲ್ಲ. ಆದರೆ ನಮ್ಮದೇ ಮನೆಯ ಪಾತ್ರೆ ತಿಕ್ಕುವ ಹೆಂಗಸು ಒಂದರಲ್ಲಾದರೂ ಬಂದದ್ದು ನಾನು ಕೇಳಿಲ್ಲ. ನಾನೂ ಬರೆದವನಲ್ಲ. ಮಲಾಡ್ ಪೂರ್ವದ ಚಾಳಿನಲ್ಲಿ, ಅಮ್ಮ ಚರ್ಚ್‌ಗೇಟ್ ಲೋಕಲ್ ಹಿಡಿದು ಆಫೀಸಿಗೆ ಹೋದ ಮೇಲೆ ನನಗೆ ಉಣ್ಣಿಸಿ ಮಲಗಿಸುತ್ತಿದ್ದವಳು ಪಕ್ಕದ ಖೋಲಿಯ ಮಾವಶಿ. ಬೊಂಬಿಲ್ ಮೀನು ಹುರಿದರೆ ತನ್ನ ಮಕ್ಕಳಿಗಿಂತ ಮೊದಲು ನನ್ನ ತಟ್ಟೆಗೆ ಹಾಕುತ್ತಿದ್ದಳು. ನಮ್ಮದು ಸಸ್ಯಾಹಾರಿ ಮನೆ. ಅಮ್ಮನಿಗೆ ಇವತ್ತಿಗೂ ಸುದ್ದಿಯಿಲ್ಲ. ಚಾಳು ಒಡೆದು ಟವರ್ ಎದ್ದಿತು. ಮಾವಶಿ ವಿರಾರಿನ ಕಡೆಗೆ ಹೋದಳು, ನಾವು ಹದಿಮೂರನೇ ಮಾಳಿಗೆಗೆ.

ಮಾವಶಿಯ ಈ ಕಥೆಯನ್ನೂ ಸಭೆಗೆ ಹೇಳಿ, ಕವಿಯ ಮುಂದಿನ ಕಥೆಯನ್ನು ಬೇಗ ಮುಗಿಸಿದೆ. ಯಾವ ಕ್ರಾಂತಿಗೆ ಹಾಡಿದನೋ ಅದೇ ಕ್ರಾಂತಿ 1958ರಲ್ಲಿ ಆಯ್ ಚಿಂಗನನ್ನು ಬಲಪಂಥೀಯನೆಂದು ಊರು ಬಿಡಿಸಿತು. ಶಿನ್‌ಜಿಯಾಂಗ್‌ನ ಮರುಭೂಮಿಯಂಚಿನಲ್ಲಿ, ನೆಲ ತೋಡಿದ ಗುಂಡಿಮನೆಯಲ್ಲಿ ಸಂಸಾರ. ಕೆಲಸ, ಸಾರ್ವಜನಿಕ ಪಾಯಿಖಾನೆ ತೊಳೆಯುವುದು. ಆಗ ಜತೆಗಿದ್ದ ಪುಟ್ಟ ಮಗ ಇಂದಿನ ಕಲಾವಿದ ಆಯ್ ವೈವೈ. ಇಪ್ಪತ್ತು ವರ್ಷ ಮೌನವಾಗಿದ್ದ ಕವಿ 1978ರಲ್ಲಿ ಮತ್ತೆ ಅಚ್ಚಾದ.

ಸಭೆ ಗಪ್‌ಚಿಪ್. ಹಿಂದಿನ ಸಾಲಿನಿಂದ ನಮ್ಮ ಶೆಟ್ಟರು ಎದ್ದರು. ಗ್ಲಾಸು ತೊಳೆಯಲು ಬಂದು ಎರಡು ಹೋಟೆಲು ಕಟ್ಟಿದವರು. “ಪಾಯಿಖಾನೆ ನಾವೂ ತೊಳೆದಿದ್ದೇವೆ, ಅದು ಬಿಡಿ. ಆ ಹಾಲು ಕೊಟ್ಟವಳಿಗೆ ಸಂಬಳ ಎಷ್ಟು ಕೊಡ್ತಿದ್ರಂತೆ?”

“ಅದು ಕವಿತೆಯಲ್ಲಿಲ್ಲ ಶೆಟ್ರೆ.”

“ನಿಮ್ಮ ಮಾವಶಿಗೆ?”

“ತಿಂಗಳಿಗೆ ನಲವತ್ತು.”

ಶೆಟ್ಟರು ಮೇಲೆ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಆಗ ನನಗೆ ಊಟ ಕೊಟ್ಟು ಮೂವತ್ತು ಇತ್ತು. ನಿಮ್ಮ ಅಮ್ಮ ತೊಂದರೆ ಇಲ್ಲ, ಮಾರಾಯ್ರೆ. ಆದ್ರೆ ಬೊಂಬಿಲಿನ ದುಡ್ಡು ಬೇರೆ ಕೊಡ್ಬೇಕಿತ್ತು.”