ನೂರಾ ನಾಲ್ಕು ಕೆ.ಜಿ.

ನಲವತ್ತು ತುಂಬುವ ತನಕ ನನಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ತುಂಗಭದ್ರೆಯ ದಂಡೆಯ ಐರಣಿಯಿಂದ ರಾಣೆಬೆನ್ನೂರಿನ ಬೀಜದ ಅಂಗಡಿಗೆ ದಿನವೂ ಬಸ್ಸಿನಲ್ಲೇ ಓಡಾಡಿದವನು ನಾನು. ಕೇಳಿದವರಿಗೆ 'ಬಸ್ಸೇ ಆರಾಮ' ಎನ್ನುತ್ತಿದ್ದೆ. ನಿಜ ಬೇರೆಯೇ ಇತ್ತು. ಹದಿನೆಂಟರಲ್ಲಿ ಗೆಳೆಯನ ಗಾಡಿ ಹತ್ತಿದಾಗ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ತಮ್ಮಾ, ಗಾಡಿ ನಿನ್ನ ಹೊರತೈತೋ, ನೀನ ಗಾಡಿ ಹೊರತೀಯೋ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮತ್ತೆ ಹತ್ತಲಿಲ್ಲ.

ಮೂರು ವರ್ಷದ ಹಿಂದೆ ಒಂದು ರಾತ್ರಿ ಅಮ್ಮಿಗೆ ಉಸಿರಾಡುವುದೇ ಕಷ್ಟವಾಯಿತು. ಕೊನೆಯ ಬಸ್ಸು ಹೋಗಿಯಾಗಿತ್ತು. ಹಿಂದಿನ ಓಣಿಯ ಹುಡುಗ ತನ್ನ ಬೈಕ್ ತಂದ. ನಡುವೆ ಅಮ್ಮಿ, ಅವಳು ಬೀಳದಂತೆ ಹಿಡಿದುಕೊಳ್ಳಲು ಹಿಂದೆ ಅವನ ತಾಯಿ. ಅದರಲ್ಲಿ ನನಗೆ ಜಾಗವಿರಲಿಲ್ಲ. ಅಮ್ಮಿ ಉಳಿದಳು. ಆದರೆ ಬಾಗಿಲಲ್ಲಿ ಒಬ್ಬನೇ ನಿಂತ ಆ ಹೊತ್ತನ್ನು ನಾನು ಮರೆತಿಲ್ಲ.

ಗಾಡಿ ಕೊಳ್ಳಲು ಹೊರಟಾಗ ಸಲಹೆಗಳಿಗೆ ಬರವಿರಲಿಲ್ಲ. 'ದೊಡ್ಡ ಆಳಿಗೆ ದೊಡ್ಡ ಗಾಡಿ' ಎಂದು ಗೆಳೆಯರು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೋರಿಸಿದರು. ಅದರ ತೂಕವೇ 195 ಕೆ.ಜಿ. ಗೆಳೆಯನ ಅಂಗಳದಲ್ಲಿ ತಿರುಗಿಸುವಾಗ ವಾಲಿತು. ಎತ್ತಲು ಮೂವರು ಬೇಕಾದರು. ಮೈ ದೊಡ್ಡದಾದ ಮಾತ್ರಕ್ಕೆ ಕಲಿಯುವವನ ಕೈ ಪಳಗಿರುವುದಿಲ್ಲ ಎಂದು ಆಗ ತಿಳಿಯಿತು.

ದಾರಿ ತೋರಿಸಿದವರು ಒಬ್ಬ ಮೇಸ್ತ್ರಿ. "ಮೊದಲು ನಿಮ್ಮ ತೂಕ ಹೇಳ್ರಿ ಭಾಯ್" ಎಂದರು. ವರ್ಷಗಟ್ಟಲೆ ತೊಂಬತ್ತು ಎಂದು ಸುಳ್ಳು ಹೇಳಿದ್ದ ಬಾಯಿ ತಡವರಿಸಿತು. "ನೂರಾ ನಾಲ್ಕು." ಅವರು ನಗಲಿಲ್ಲ, ಬರೆದುಕೊಂಡರು. ಅಮ್ಮಿಯ 46 ಕೂಡಿಸಿದರೆ 150. ಪ್ರತಿ ಗಾಡಿಯ ಕೈಪಿಡಿಯಲ್ಲಿ ಹೊರುವ ತೂಕದ ಮಿತಿ ಬರೆದಿರುತ್ತದೆ. ಸವಾರ, ಹಿಂದೆ ಕೂತವರು, ಚೀಲ ಎಲ್ಲ ಸೇರಿ. ನಾವು ನೋಡಿದ 100 ಸಿ.ಸಿ. ಗಾಡಿಯಲ್ಲಿ ಅದು 130 ಮಾತ್ರ. ಹೆಚ್ಚು ಹೊತ್ತರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಟಯರು ಬೇಗ ಸವೆಯುತ್ತದೆ.

ಕೊನೆಗೆ ನಮ್ಮಿಬ್ಬರನ್ನೂ ಹೊರುವ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುವ, ಕುಳಿತಲ್ಲಿಂದಲೇ ಹಿಂದಕ್ಕೆ ತಳ್ಳಲು ಬರುವ 150 ಸಿ.ಸಿ. ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಬ್ರೇಕ್ ಕಡ್ಡಾಯ; ಆದ್ದರಿಂದ ಅದರ ನಂತರದ್ದನ್ನೇ ಹುಡುಕಿದೆವು. ಮೇಸ್ತ್ರಿ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿದರು. ಅಮ್ಮಿ ಹತ್ತುವ ದಿನ ಹಿಂದಿನ ಚಕ್ರಕ್ಕೆ ಕೈಪಿಡಿ ಹೇಳಿದಷ್ಟು ಹೆಚ್ಚು ಗಾಳಿ ಹಾಕಿಸುತ್ತೇನೆ. ಎಲ್.ಎಲ್. ಮಾಡಿಸಿ, ಬೆಳಗಿನ ಜಾವ ಖಾಲಿ ಮೈದಾನದಲ್ಲಿ ಒಂದು ತಿಂಗಳು ಕಲಿತೆ. ಹೆಲ್ಮೆಟ್ ಮಾತ್ರ ಎರಡು ಕೊಂಡೆ.

ಈಗ ತಪಾಸಣೆಗೆ ಅಮ್ಮಿಯನ್ನು ನಾನೇ ಕರೆದೊಯ್ಯುತ್ತೇನೆ. ಮೊನ್ನೆ ಕಟ್ಟೆಯ ಬಳಿ ಅದೇ ಹಿರಿಯರು ಕೈ ಅಡ್ಡ ಮಾಡಿದರು. ಈಗ ಅವರಿಗೆ ಮಂಡಿನೋವು. "ತಮ್ಮಾ, ಸ್ವಲ್ಪ ಸ್ಟ್ಯಾಂಡಿನ ತನಕ ಬಿಡ್ತೀಯೇನಪ್ಪಾ?" ಎಂದರು. ಮನಸ್ಸಿನಲ್ಲೇ ಅವರ ತೂಕ ಲೆಕ್ಕ ಹಾಕಿ, "ಹತ್ರಿ ಅಜ್ಜಾರ" ಎಂದೆ.