ಕೊಟ್ಟೂರಿನ ತೇರು ಮತ್ತು ಅಮ್ಮನ ಫೋನು

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :) ಮೊನ್ನೆ ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ ಕೊಟ್ಟೂರು ಮತ್ತೆ ನೆನಪಾಯಿತು.

2016ರ ಜೂನ್. ಕೊಟ್ಟೂರಿನ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರ ಕೆಲಸ ಸಿಕ್ಕಿತ್ತು. ಪುತ್ತೂರಿನ ಮನೆಯಲ್ಲಿ ಅಮ್ಮ ಒಬ್ಬಳೇ. ಒಂದೇ ವರ್ಷ, ಆಮೇಲೆ ಊರಲ್ಲೇ ಏನಾದರೂ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟು ಹೊರಟೆ. ದಾವಣಗೆರೆಗೆ ಹೋಗಿ, ಅಲ್ಲಿಂದ ಹರಪನಹಳ್ಳಿ ಮೇಲೆ ಇನ್ನೊಂದು ಬಸ್ಸು. ಕೊಟ್ಟೂರಿನಲ್ಲಿ ಇಳಿದಾಗ ಕೈಯಲ್ಲಿ ಉದ್ದನೆಯ ಕೊಡೆ. ಜೂನ್ ಅಂದರೆ ಮಳೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತಲ್ಲ! ನಮ್ಮಲ್ಲಿ ಜೂನ್ ಒಂದೇ ತಿಂಗಳಲ್ಲಿ ಬೀಳುವಷ್ಟು ಮಳೆ ಅಲ್ಲಿ ಇಡೀ ವರ್ಷಕ್ಕೂ ಬೀಳುವುದಿಲ್ಲ. ಸಾಲದ್ದಕ್ಕೆ ಅದು ಬರದ ವರ್ಷ. ಆ ಕೊಡೆಯನ್ನು ಬಿಸಿಲಿಗೆ ಹಿಡಿದುಕೊಂಡು ಓಡಾಡಿದೆ.

ರೂಮು ಕೊಟ್ಟ ಅಜ್ಜ ಕೇಳಿದರು, "ಯಾವೂರಾತ್ರಿ ನಿಮ್ದು?"

"ಪುತ್ತೂರು."

"ಕೊಟ್ಟೂರು, ಪುತ್ತೂರು.. ಎಲ್ಡೂ ಒಂದ ಬಿಡ್ರಿ."

ಎಲ್ಲಿಯ ಒಂದು! ಕುಚ್ಚಲಕ್ಕಿ ಗಂಜಿಯ ಹೊಟ್ಟೆಗೆ ಜೋಳದ ರೊಟ್ಟಿ ಒಗ್ಗಲು ಎರಡು ತಿಂಗಳು ಹಿಡಿಯಿತು. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಮೊದಲ ದಿನವೇ ಒಗ್ಗಿತು. (ನಮ್ಮ ಕಡೆ ಮಂಡಕ್ಕಿಗೆ ಚರುಮುರಿ ಅನ್ನುತ್ತಾರೆ. ಆ ಮಾತು ಬೇರೆ.)

ಕಷ್ಟವಾಗಿದ್ದು ಭಾಷೆ. ನಾನು ಕನ್ನಡ ಎಂ.ಎ., ಆದರೂ ಕ್ಲಾಸಿನಲ್ಲಿ "ಎಂತ ಮಾರಾಯಾ, ಹೋಂವರ್ಕ್ ಎಂತಕ್ಕೆ ಮಾಡ್ಲಿಲ್ಲ?" ಅಂದರೆ ಇಡೀ ತರಗತಿ ಮುಸಿಮುಸಿ ನಗುತ್ತಿತ್ತು. ಮಾರಾಯ ಬಿಟ್ಟು ಶಿಸ್ತಾಗಿ ಮಾತಾಡಲು ಶುರುಮಾಡಿದೆ. ಆಗ ಒಬ್ಬ ಹುಡುಗ ಎದ್ದು ನಿಂತು, "ಸಾ, ನೀವು ಪುಸ್ತಕ ಓದಿದಂಗ ಮಾತಾಡ್ತೀರಿ" ಅಂದ. ಹೊಗಳಿದನೋ ಬೈದನೋ ಇವತ್ತಿಗೂ ಗೊತ್ತಾಗಿಲ್ಲ.

ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಿರಲಿಲ್ಲ. ಬೇಕಾದ ಬಟ್ಟೆ ತೆಗೆದು ಮತ್ತೆ ಮಂಚದ ಕೆಳಗೆ ತಳ್ಳುತ್ತಿದ್ದೆ. ಒಂದು ರಾತ್ರಿ ಹಾಗೆ ತಳ್ಳುವಾಗ ಬೆಂಗಳೂರಿನಲ್ಲಿ ಓದುವಾಗ ಪರಿಚಯವಾಗಿದ್ದ ಇಬ್ಬರು ಹುಡುಗರು ನೆನಪಾದರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಫಲಕ. ಮಾರ್ಮನ್ ಮಿಷನರಿಗಳು. ಅವರ ಧರ್ಮದಲ್ಲಿ ನನಗೆ ಆಸಕ್ತಿ ಇರಲಿಲ್ಲ, ಆದರೆ ಅವರ ಬದುಕಿನ ಬಗ್ಗೆ ಭಾರೀ ಕುತೂಹಲ. ಹುಡುಗರಿಗೆ ಎರಡು ವರ್ಷದ ಸೇವೆ. ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ, ಯಾರ ಜೊತೆ ಹಾಕುತ್ತಾರೋ ಅವರ ಜೊತೆ. ಒಬ್ಬನೇ ಓಡಾಡುವಂತಿಲ್ಲ. ಇದ್ದಕ್ಕಿದ್ದಂತೆ ಒಂದು ದಿನ 'ಏರಿಯಾ' ಬದಲು, ಜೊತೆಗಾರನೂ ಬದಲು. ಆಗ ಅವರು ಮನೆಗೆ ಫೋನ್ ಮಾಡಬಹುದಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೆ ಮತ್ತು ಅಮ್ಮಂದಿರ ದಿನಕ್ಕೆ. ವಾರಕ್ಕೊಮ್ಮೆ ಮಾತಾಡಲು ಬಿಟ್ಟಿದ್ದು 2019ರಿಂದ ಈಚೆಗೆ. ಆಗ ನನಗೆ ಇದು ಕ್ರೂರ ಅನಿಸಿತ್ತು. ಹತ್ತೊಂಬತ್ತು ಇಪ್ಪತ್ತರ ಹುಡುಗರು ಪಾಪ!

ನಾನಾದರೋ ದಿನಾ ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಪುತ್ತೂರಿನಲ್ಲಿ ಎಷ್ಟು ಮಳೆ, ದನ ಎಷ್ಟು ಹಾಲು ಕೊಟ್ಟಿತು, ಪಕ್ಕದ ಮನೆಯ ಮದುವೆ, ಎಲ್ಲಾ ಗೊತ್ತು. ಕೊಟ್ಟೂರಿನಲ್ಲಿ ನನ್ನ ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ. ಆ ಹುಡುಗರ ನಿಯಮ ಮಾಡಿದವರು ಪೂರ್ತಿ ಮೂರ್ಖರಲ್ಲವೇನೋ ಅಂತ ಅವತ್ತು ಮೊದಲ ಸಲ ಅನಿಸಿತು. ಆದರೂ ಫೋನ್ ಮಾಡುವುದನ್ನೇನೂ ಬಿಡಲಿಲ್ಲ ಬಿಡಿ.

ಫೆಬ್ರವರಿ ಬಂತು. ಊರಿಗೆ ಊರೇ ಕೊಟ್ಟೂರೇಶ್ವರನ ತೇರಿಗೆ ಎದ್ದು ಕೂತಿತು. ದಾವಣಗೆರೆ ಕಡೆಯಿಂದ ಜನ ಪಾದಯಾತ್ರೆಯಲ್ಲಿ ಬರುತ್ತಿದ್ದರು. ನಮ್ಮ ಶಾಲೆಯ ಹುಡುಗರು ರಸ್ತೆ ಬದಿಯಲ್ಲಿ ನೀರು, ಮಜ್ಜಿಗೆ ಇಟ್ಟುಕೊಂಡು ನಿಂತಿದ್ದರು. "ಬರ್ರಿ ಸಾ, ಒಂದ್ ಕೊಡ ಹಿಡೀರಿ" ಅಂದರು. ಹಿಡಿದೆ. ಎರಡು ದಿನ ಕಾಲು ಬೊಬ್ಬೆ ಎದ್ದವರಿಗೆ ನೀರು ಕೊಡುತ್ತಾ ಎಷ್ಟು ಜನರ ಜೊತೆ ಮಾತಾಡಿದೆನೋ. ನನ್ನ ಕನ್ನಡಕ್ಕೆ ಯಾರೂ ನಗಲಿಲ್ಲ. ಬಾಯಾರಿದವರು ವ್ಯಾಕರಣ ನೋಡುತ್ತಾರೆಯೇ?

2017ರ ಫೆಬ್ರವರಿ 21, ಮಂಗಳವಾರ ಸಂಜೆ. ಅಜ್ಜನ ಜೊತೆ ಹೋಗಿದ್ದೆ. ದಲಿತ ಮಹಿಳೆ ಕಳಸದಾರತಿ ಬೆಳಗಿದ ಮೇಲೆಯೇ ಅಲ್ಲಿ ತೇರು ಕದಲುವುದು ಅಂತ ಅಜ್ಜ ಹೆಮ್ಮೆಯಿಂದ ಹೇಳಿದ್ದರು. ಸುಮಾರು 60 ಅಡಿಯ ತೇರು. ಜನ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಿದ್ದರು. ತೇರು ವಾಲಿದ್ದು ನನಗೆ ಮೊದಲು ಅರ್ಥವೇ ಆಗಲಿಲ್ಲ, ತೇರು ಹಾಗೇ ತೂಗುತ್ತದೆ ಅಂದುಕೊಂಡೆ. ಮುಂದಿನ ಕ್ಷಣ ಅಷ್ಟೆತ್ತರದ್ದು ಕುಸಿದು ಬಿತ್ತು. ಅಚ್ಚು ಮುರಿದಿತ್ತಂತೆ. ಕೆಲವರಿಗೆ ಗಾಯವಾಯಿತು. ಧೂಳು, ಕೂಗಾಟ, ಓಟ. ಅಜ್ಜ ನನ್ನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದರು. ನೀರು ಕೊಡುತ್ತಿದ್ದ ಹುಡುಗರೆಲ್ಲ ಎಲ್ಲಿದ್ದಾರೆ ಅಂತ ಹುಡುಕುತ್ತಾ ಅಲೆದೆ. ಎಲ್ಲರೂ ಸಿಕ್ಕ ಮೇಲೆಯೇ ಉಸಿರು ಬಂದಿದ್ದು.

ಅಷ್ಟರಲ್ಲಿ ಟಿವಿಯಲ್ಲಿ ಬಂದಿತ್ತು. ಅಮ್ಮನ ಫೋನು. "ಎಂಕ್ಲೆನ ತೇರ್ ಬೂರ್ಂಡ್ ಅಮ್ಮ" ಅಂದೆ. ತೇರು ಬಿತ್ತು ಅಮ್ಮ, ಅಂತ.

ತುಳು ಗೊತ್ತಿಲ್ಲದವರಿಗೆ ಒಂದು ಮಾತು. ಕನ್ನಡದಲ್ಲಿ 'ನಮ್ಮ' ಅಂದರೆ ಮುಗಿಯಿತು. ತುಳುವಿನಲ್ಲಿ ಹಾಗಲ್ಲ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ್ಮ'. ಕೇಳುವವರನ್ನು ಹೊರಗಿಟ್ಟು ನಾವಿಷ್ಟು ಜನ ಮಾತ್ರ ಅಂದರೆ 'ಎಂಕ್ಲೆನ'. ಎಂಟು ತಿಂಗಳು ಆ ಊರಿನ ಬಗ್ಗೆ 'ಅಕ್ಲೆನ', ಅಂದರೆ ಅವರದು, ಅಂತಲೇ ಹೇಳಿಕೊಂಡು ಬಂದವನು ನಾನು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಂಕ್ಲೆನನಾ?" ಅಂತ ಕೇಳಿದಳು. ಆಮೇಲೆ, ಊಟ ಆಯಿತಾ ಅಂದಳು.

ಒಂದು ವರ್ಷ ಅಂತ ಹೋದವನು ಐದು ವರ್ಷ ಇದ್ದೆ. ನಾನು ಇದ್ದಲ್ಲೇ ಇದ್ದರೂ ವಿಳಾಸ ಬದಲಾಗುತ್ತಾ ಹೋಯಿತು. ಹೋದಾಗ ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಆಮೇಲೆ ಕೊಟ್ಟೂರೇ ತಾಲ್ಲೂಕಾಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಬಂತು. ಅದೇ ವರ್ಷ ಅಮ್ಮನ ಮಂಡಿನೋವು ಜಾಸ್ತಿಯಾಗಿ ಪುತ್ತೂರಿಗೆ ಬಂದುಬಿಟ್ಟೆ. ಹೊರಡುವ ದಿನ ಅಜ್ಜ, "ಇಷ್ಟ್ ಲಗೂನ ಹೊಂಟ್ರೇನ್ರಿ" ಅಂದರು. ಈಗ ಇಲ್ಲಿ ಪಾಠ ಮಾಡುವಾಗ ಬಾಯಲ್ಲಿ 'ಹೌದ್ರಿ' ಬಂದು ಮಕ್ಕಳು ನಗುತ್ತಾರೆ.

ಅಮ್ಮ ಅವತ್ತಿನ ಮಾತನ್ನು ಮತ್ತೆ ಎತ್ತಲಿಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆ. ಮೊನ್ನೆ ಗೋಡೆಯ ಕ್ಯಾಲೆಂಡರ್ ತಿರುವುತ್ತಾ ಕೇಳಿದಳು, "ನಿಕ್ಲೆನ ತೇರ್ ಏಪ?"

ನಿಮ್ಮ ತೇರು ಯಾವಾಗ, ಅಂತ.